ಸಂಸ್ಥಾಪಕಿಯರ ಸ್ಮರಣೆ: ಸಂತ ಆಗ್ನೆಸ್ ಕಾಲೇಜಿನ ಹಿಂದಿರುವ ಧರ್ಮಭಗಿನಿಯರು

ನವೆಂಬರ್ ಬಂತೆಂದರೆ ಅಪೊಸ್ತಲಿಕ್ ಕಾರ್ಮೆಲ್ (ಎ.ಸಿ.) ಧರ್ಮಭಗಿನಿಯರಿಗೆ ಸಂಸ್ಥಾಪಕಿಯ ಸ್ಮರಣೆಯ ಕಾಲ. ಅವರ ಶಿಕ್ಷಣ ಸಂಸ್ಥೆಗಳಲ್ಲಿ ಮದರ್ ವೆರೊನಿಕಾ ಅವರ ಭಾವಚಿತ್ರಕ್ಕೆ ಗೌರವ ಸಲ್ಲುತ್ತದೆ. ಆದರೆ "ಮದರ್ ವೆರೊನಿಕಾ ಸಂತ ಆಗ್ನೆಸ್ ಕಾಲೇಜನ್ನು ಸ್ಥಾಪಿಸಿದರು" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ಅವರು ಕಣ್ಮುಚ್ಚಿದ್ದು 1906ರಲ್ಲಿ; ಕಾಲೇಜು ಆರಂಭವಾದದ್ದು 1921ರಲ್ಲಿ. ನಡುವಿನ ಕೆಲಸ ಮಾಡಿದವರು ಬೇರೆ.

ಮದರ್ ವೆರೊನಿಕಾ ಅವರ ಮೊದಲ ಹೆಸರು ಸೋಫಿ ಲೀವ್ಸ್. 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಜನಿಸಿದ ಅವರ ತಂದೆ ಆಂಗ್ಲಿಕನ್ ಪಾದ್ರಿ. 1850ರಲ್ಲಿ ಮಾಲ್ಟಾದಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿದ ಸೋಫಿ, ಬಳಿಕ ಸಂತ ಜೋಸೆಫರ ಧರ್ಮಭಗಿನಿಯಾಗಿ 1860ರ ದಶಕದ ಆರಂಭದಲ್ಲಿ ಕಲ್ಲಿಕೋಟೆಗೆ ಬಂದರು. ಕಲ್ಲಿಕೋಟೆ ಆಗ ಮಂಗಳೂರು ಮಿಷನ್‌ಗೇ ಸೇರಿತ್ತು. ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸುವ ಧರ್ಮಭಗಿನಿಯರು ಈ ಕರಾವಳಿಗೆ ಎಷ್ಟು ಅಗತ್ಯ ಎಂಬುದು ಅವರಿಗೆ ಇಲ್ಲಿಯೇ ಮನವರಿಕೆಯಾಯಿತು. ಕಾರ್ಮೆಲಿನ ಪ್ರಾರ್ಥನಾ ಜೀವನದೊಂದಿಗೆ ಶಾಲೆಯ ಸೇವೆಯನ್ನು ಸೇರಿಸಿದ ಹೊಸ ಧಾರ್ಮಿಕ ಸಂಸ್ಥೆಯನ್ನು ಅವರು 1868ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನ, ಫ್ರಾನ್ಸಿನ ಬಯೋನ್‌ನಲ್ಲಿ ಆರಂಭಿಸಿದರು. ಅವರಿಗೆ ಬೆಂಬಲವಾಗಿ ನಿಂತವರು ಮಂಗಳೂರಿನ ಬಿಷಪ್ ಮರಿ ಎಫ್ರೆಮ್.

1870ರ ನವೆಂಬರ್ 19ರಂದು ಮೂವರು ಧರ್ಮಭಗಿನಿಯರು ಮಂಗಳೂರಿನಲ್ಲಿ ಕಾಲಿಟ್ಟರು. ಅವರ ಮುಖ್ಯಸ್ಥೆ ಮದರ್ ಮಾರಿ ದೆಜಾಂಜ್ ಮುಂದೆ ಸಂಸ್ಥೆಯ ಮೊದಲ ಸುಪೀರಿಯರ್ ಜನರಲ್ ಆದರು. ಅದೇ ವರ್ಷ ಮಠದೊಳಗೇ ಬಾಳುವ ಕಾರ್ಮೆಲ್ ಸನ್ಯಾಸಿನಿಯರ ತಂಡವೊಂದೂ ಪಾವ್ ಪಟ್ಟಣದಿಂದ ಮಂಗಳೂರಿಗೆ ಹೊರಟಿತ್ತು. ಆ ತಂಡದ ಮೂವರು ಮಂಗಳೂರನ್ನು ಕಾಣಲೇ ಇಲ್ಲ. ದಾರಿಯ ಕಷ್ಟಕ್ಕೆ ಬಲಿಯಾದರು. ಉಳಿದವರಲ್ಲಿ ಒಬ್ಬರು ಪ್ಯಾಲೆಸ್ಟೀನಿನ ಮರಿಯಮ್ ಬವಾರ್ದಿ. 1871ರಲ್ಲಿ ಮಂಗಳೂರಿನಲ್ಲಿಯೇ ವ್ರತ ಸ್ವೀಕರಿಸಿದ ಇವರನ್ನು ಪೋಪ್ ಫ್ರಾನ್ಸಿಸ್ 2015ರಲ್ಲಿ ಸಂತಳೆಂದು ಘೋಷಿಸಿದರು. ನಮ್ಮ ಊರಿನಲ್ಲಿ ಬದುಕಿ ಹೋದ ಸಂತೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಬಯೋನ್‌ನ ಮನೆ ಹೆಚ್ಚು ಕಾಲ ಉಳಿಯಲಿಲ್ಲ, 1873ರಲ್ಲಿ ಮುಚ್ಚಿತು. ಮದರ್ ವೆರೊನಿಕಾ ಕಾರ್ಮೆಲ್ ಮಠಕ್ಕೆ ಮರಳಿದರು. ತಾವು ನೆಟ್ಟ ಸಸಿ ದೂರದ ಮಂಗಳೂರಿನಲ್ಲಿ ಬೆಳೆಯುತ್ತಿದ್ದಾಗ ಅವರು ಮಠವಾಸಿ ಸನ್ಯಾಸಿನಿಯಾಗಿಯೇ ಬಾಳಿ, 1906ರ ನವೆಂಬರ್ 16ರಂದು ಪಾವ್‌ನಲ್ಲಿ ತೀರಿಕೊಂಡರು. ಹೀಗೆ ಸಂಸ್ಥಾಪಕಿಯ ಮರಣದ ದಿನಕ್ಕೂ ಧರ್ಮಭಗಿನಿಯರ ಆಗಮನದ ದಿನಕ್ಕೂ ಮೂರೇ ದಿನಗಳ ಅಂತರ. ಎರಡನ್ನೂ ಬೆರೆಸದಿರುವುದು ಒಳ್ಳೆಯದು.

ಕಾಲೇಜಿನ ಶ್ರೇಯಸ್ಸು ಮದರ್ ಅಲೋಶಿಯಾ ಅವರಿಗೆ ಸಲ್ಲಬೇಕು. ಸಂತ ಅಲೋಶಿಯಸ್ ಕಾಲೇಜು 1880ರಿಂದಲೂ ಗಂಡುಮಕ್ಕಳಿಗೆ ಉನ್ನತ ಶಿಕ್ಷಣ ನೀಡುತ್ತಿತ್ತು. ಮನೆಯ ಹುಡುಗಿಯರು ಮುಂದೆ ಓದಬೇಕಾದರೆ ಊರು ಬಿಡಬೇಕಿತ್ತು. 1921ರಲ್ಲಿ ಸಂತ ಆಗ್ನೆಸ್ ಕಾಲೇಜು ಆ ಕೊರತೆಯನ್ನು ನೀಗಿಸಿತು. ಆರಂಭದಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಕಾಲೇಜು 2007ರಲ್ಲಿ ಸ್ವಾಯತ್ತವಾಯಿತು. ಪಾಟ್ನಾ ಮಹಿಳಾ ಕಾಲೇಜು, ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು ಕೂಡ ಇದೇ ಧರ್ಮಭಗಿನಿಯರವು.

ಇಂದು ಈ ಸಂಸ್ಥೆಗಳಲ್ಲಿ ಪಾಠ ಹೇಳುವವರಲ್ಲಿ ಹೆಚ್ಚಿನವರು ಧರ್ಮಭಗಿನಿಯರಲ್ಲ. ಕಲಿಯುವವರು ಎಲ್ಲ ಧರ್ಮದವರು. ಸಿಸ್ಟರ್‌ಗಳನ್ನು ದಿನವೂ ಕಂಡು ಕಲಿಯುತ್ತಿದ್ದ ಕಾಲ ಮುಗಿಯುತ್ತಾ ಬಂದಿದೆ. ಆದ್ದರಿಂದ ಸ್ಮರಣೆಯ ದಿನ ನೃತ್ಯ, ಸ್ವಾಗತ, ವಂದನಾರ್ಪಣೆಗಳಲ್ಲೇ ಮುಗಿದರೆ ನಷ್ಟ ವಿದ್ಯಾರ್ಥಿನಿಯರದೇ. ಹತ್ತು ನಿಮಿಷವಾದರೂ ಆ ಮೂವರ ಆಗಮನದ ಕಥೆ ಹೇಳಬಹುದು.

ಕಾರ್ಯಕ್ರಮ ಸಿದ್ಧಪಡಿಸುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. 2014ರ ಜುಲೈಯಲ್ಲಿ ಮದರ್ ವೆರೊನಿಕಾ ಅವರನ್ನು 'ಪೂಜ್ಯೆ' ಎಂದು ಘೋಷಿಸಲಾಯಿತು. ಇದು 'ಧನ್ಯೆ' ಪದವಿಗಿಂತ ಹಿಂದಿನ ಮೆಟ್ಟಿಲು. ಈ ಹಂತದಲ್ಲಿ ಅವರ ಮಧ್ಯಸ್ಥಿಕೆಯನ್ನು ಖಾಸಗಿಯಾಗಿ ಬೇಡಬಹುದು. ಆದರೆ ಪೀಠದ ಮೇಲೆ ಅವರ ಚಿತ್ರವಿಟ್ಟು ಸಾರ್ವಜನಿಕ ಆರಾಧನೆ ನಡೆಸಲು ಧರ್ಮಸಭೆಯ ಅನುಮತಿಯಿಲ್ಲ. ಆ ದಿನದ ಬಲಿಪೂಜೆ ಅವರ ಹಬ್ಬವಲ್ಲ, ದೇವರಿಗೆ ಕೃತಜ್ಞತೆಯ ಬಲಿಪೂಜೆ. 'ಧನ್ಯೆ' ಎಂಬ ಘೋಷಣೆಗೆ ಅವರ ಮಧ್ಯಸ್ಥಿಕೆಯಿಂದ ನಡೆದ ಒಂದು ಪವಾಡ ದೃಢಪಡಬೇಕು. ಅಂಥ ಉಪಕಾರ ಪಡೆದವರು ಎ.ಸಿ. ಧರ್ಮಭಗಿನಿಯರಿಗೆ ಲಿಖಿತವಾಗಿ, ವೈದ್ಯಕೀಯ ದಾಖಲೆಗಳಿದ್ದರೆ ಅವುಗಳೊಂದಿಗೆ, ತಿಳಿಸಬಹುದು.