ಹುಡುಕಾಟಕ್ಕೊಂದು ಒರೆಗಲ್ಲು: ಶೋಧಯಂತ್ರಗಳ ಪರೀಕ್ಷಾ ಸಂಗ್ರಹ ಮತ್ತು ತೀರ್ಥಹಳ್ಳಿ ಸೀಮೆಯ ಜಾನಪದ

ದೀಪಾವಳಿಯ ಇರುಳಿನಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಸಂಪ್ರದಾಯವೊಂದು ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿದೆ. ಇದನ್ನು ಕೆಲವರು ‘ಅಂಟಿಕೆ ಪಂಟಿಕೆ’ ಎಂದೂ ಮತ್ತೆ ಕೆಲವರು ‘ಅಂಟಿಗೆ ಪಂಟಿಗೆ’ ಎಂದೂ ಬರೆಯುತ್ತಾರೆ. ಕ್ಷೇತ್ರಕಾರ್ಯದಲ್ಲಿ ಇದರಿಂದ ತೊಡಕಿಲ್ಲ. ಎದುರಿಗಿರುವ ವಕ್ತೃ ಎರಡನ್ನೂ ಬಲ್ಲ. ಗಣಕದ ಮುಂದೆ ಕುಳಿತಾಗ ಮಾತ್ರ ಒಂದು ಅಕ್ಷರ ಬದಲಾದರೆ ದೊರೆಯುವ ಬರೆಹಗಳ ಪಟ್ಟಿಯೇ ಬದಲಾಗುತ್ತದೆ. ‘ಹಸೆ’ಯ ಬಗ್ಗೆ ಹುಡುಕಹೊರಟವನಿಗೆ ಚಿತ್ತಾರದ ಬದಲು ಹಸೆಮಣೆ ಏರಿದ ನಟನಟಿಯರ ಸುದ್ದಿ ಎದುರಾಗುವುದುಂಟು. ಇಂಥ ಶೋಧಯಂತ್ರ ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂದು ಅಳೆಯುವ ಬಗೆ ಯಾವುದು?

ಅಳತೆಗೆ ಒಂದು ಇತಿಹಾಸವಿದೆ. ಇಂಗ್ಲೆಂಡಿನ ಕ್ರಾನ್‌ಫೀಲ್ಡ್ ವಿಮಾನವಿಜ್ಞಾನ ಕಾಲೇಜಿನ ಗ್ರಂಥಪಾಲಕ ಸಿರಿಲ್ ಕ್ಲೆವರ್ಡನ್ 1950ರ ದಶಕದ ಕೊನೆಯಲ್ಲಿ 18,000 ಬರೆಹಗಳನ್ನು ನಾಲ್ಕು ಸೂಚೀಕರಣ ಪದ್ಧತಿಗಳಿಂದ ಸೂಚೀಕರಿಸಿ, ಒಂದಕ್ಕೊಂದನ್ನು ಹೋಲಿಸಿದರು. ನಾಲ್ಕರಲ್ಲಿ ಒಂದು ಎಸ್.ಆರ್. ರಂಗನಾಥನ್ ಅವರ ಚಿಂತನೆಯಿಂದ ಬೆಳೆದ ಮುಖ ವರ್ಗೀಕರಣ. ಬೆಂಗಳೂರಿನಲ್ಲಿ ನೆಲೆಸಿದ್ದ ರಂಗನಾಥನ್ 1962ರಲ್ಲಿ ಅಲ್ಲಿಯೇ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದವರು. ಪರೀಕ್ಷೆಯಲ್ಲಿ ಪದ್ಧತಿಗಳ ನಡುವಿನ ಅಂತರ ಅಂಥ ದೊಡ್ಡದೇನೂ ಆಗಿರಲಿಲ್ಲ, ದೊಡ್ಡದಾಗಿದ್ದುದು ಆಕ್ಷೇಪಣೆ. ಮೊದಲೇ ಆರಿಸಿಟ್ಟ ಬರೆಹದಿಂದ ಪ್ರಶ್ನೆ ಹುಟ್ಟಿಸಿ, ಆ ಬರೆಹವೇ ಮರಳಿ ದೊರೆಯುವುದೇ ಎಂದು ನೋಡಲಾಗಿತ್ತು. ಹಾಡಿನ ಸೊಲ್ಲನ್ನು ನಾವೇ ಎತ್ತಿಕೊಟ್ಟು ‘ಇದು ನಿಮಗೆ ಬರುತ್ತದೆಯೇ’ ಎಂದು ವಕ್ತೃವನ್ನು ಕೇಳಿದ ಹಾಗೆ.

ಎರಡನೆಯ ಪರೀಕ್ಷೆಯಲ್ಲಿ ಕ್ಲೆವರ್ಡನ್ ಈ ದೋಷವನ್ನು ತಿದ್ದಿಕೊಂಡರು. ನೀವು ಸಂಶೋಧನೆ ಕೈಗೊಂಡಾಗ ಮನಸ್ಸಿನಲ್ಲಿದ್ದ ಪ್ರಶ್ನೆ ಯಾವುದು ಎಂದು ಪ್ರಬಂಧಗಳ ಲೇಖಕರನ್ನೇ ವಿಚಾರಿಸಿದರು. 1,400 ಬರೆಹಗಳನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು ಮೊದಲು ಜಾಲಾಡಿ, ಹೊಂದಬಹುದಾದವುಗಳನ್ನು ಆರಿಸಿದರು. ಕೊನೆಯ ತೀರ್ಪು ಪ್ರಶ್ನೆ ಕೇಳಿದವರದೇ ಆಯಿತು. ಬರೆಹಗಳು, ಪ್ರಶ್ನೆಗಳು, ಯಾವ ಪ್ರಶ್ನೆಗೆ ಯಾವ ಬರೆಹ ಪ್ರಸ್ತುತ ಎಂಬ ಮನುಷ್ಯರ ತೀರ್ಮಾನ, ಈ ಮೂರು ಸೇರಿದರೆ ಪರೀಕ್ಷಾ ಸಂಗ್ರಹ. 1992ರಲ್ಲಿ ಅಮೆರಿಕದಲ್ಲಿ ಆರಂಭವಾದ ಟ್ರೆಕ್ ಸಮ್ಮೇಳನದಲ್ಲಿ ಬರೆಹಗಳ ಸಂಖ್ಯೆ ಲಕ್ಷಗಳನ್ನು ಮುಟ್ಟಿತು. ಎಲ್ಲವನ್ನೂ ಓದುವುದು ಅಸಾಧ್ಯವಾದ್ದರಿಂದ, ಸ್ಪರ್ಧಿಸಿದ ಯಂತ್ರಗಳು ಮೇಲ್ಪಂಕ್ತಿಯಲ್ಲಿ ತಂದ ಬರೆಹಗಳನ್ನಷ್ಟೇ ಒಟ್ಟುಗೂಡಿಸಿ ಪರಿಶೀಲಿಸುವ ಕ್ರಮ ಬಳಕೆಗೆ ಬಂದಿತು. ಯಾವ ಯಂತ್ರವೂ ಮೇಲಕ್ಕೆ ತಾರದ ಬರೆಹವನ್ನು ಅಲ್ಲಿ ಅಪ್ರಸ್ತುತವೆಂದೇ ಎಣಿಸಲಾಗುತ್ತದೆ. ನಮ್ಮಂಥವರಿಗೆ ಅಪಾಯವಿರುವುದು ಇಲ್ಲಿಯೇ.

ತೀರ್ಪುಗಾರರ ಭಿನ್ನಾಭಿಪ್ರಾಯದ ಪ್ರಶ್ನೆಯನ್ನು ಎಲೆನ್ ವೂರ್ಹೀಸ್ 1998ರಲ್ಲಿ ಪರಿಶೀಲಿಸಿದರು. ಒಬ್ಬರಿಗೆ ಪ್ರಸ್ತುತವೆನಿಸಿದ್ದು ಮತ್ತೊಬ್ಬರಿಗೆ ಹಾಗೆನಿಸದ ಸಂದರ್ಭಗಳು ಬಹಳವಿದ್ದರೂ, ಯಂತ್ರಗಳ ತಾರತಮ್ಯದ ಕ್ರಮ ಬಹುಮಟ್ಟಿಗೆ ಸ್ಥಿರವಾಗಿ ಉಳಿಯುತ್ತದೆಂಬುದು ಅವರು ಕಂಡ ಸಂಗತಿ. ಪಾಠಾಂತರಗಳ ನಡುವೆಯೇ ಕೆಲಸ ಮಾಡುವ ಜಾನಪದ ವಿದ್ವಾಂಸರಿಗೆ ಇದು ಸಮಾಧಾನದ ಮಾತು.

ಕನ್ನಡದ ಸ್ಥಿತಿ ಬೇರೆ. ಭಾರತೀಯ ಭಾಷೆಗಳಿಗಾಗಿ 2008ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ‘ಫೈರ್’ ವೇದಿಕೆಯ ಮೊದಲ ಸಂಗ್ರಹದಲ್ಲಿ ಬಂಗಾಳಿ, ಹಿಂದಿ, ಮರಾಠಿ ಮತ್ತು ಇಂಗ್ಲಿಷ್ ಪತ್ರಿಕಾ ಬರೆಹಗಳಿದ್ದವು, ಕನ್ನಡವಿರಲಿಲ್ಲ. ಹದಿನೆಂಟು ಭಾಷೆಗಳ ‘ಮಿರಾಕಲ್’ ಸಂಗ್ರಹ 2022ರಲ್ಲಿ ಹೊರಬಂದಾಗ ತೆಲುಗಿಗೆ ದೊರೆತ ಸ್ಥಾನ ಕನ್ನಡಕ್ಕೆ ದೊರೆಯಲಿಲ್ಲ. 2023ರ ‘ಇಂಡಿಕ್ ಮಾರ್ಕೊ’ದಲ್ಲಿ ಕನ್ನಡವಿದೆ, ನಿಜ. ಆದರೆ ಅದು ಇಂಗ್ಲಿಷಿನ ಪ್ರಶ್ನೆಗಳನ್ನೂ ಬರೆಹಗಳನ್ನೂ ಯಂತ್ರದಿಂದ ಅನುವಾದಿಸಿದ್ದು. ಅಮೆರಿಕದ ಬಳಕೆದಾರನ ಕುತೂಹಲ ಕನ್ನಡ ಲಿಪಿಯಲ್ಲಿ ಬಂದಿತೆಂದರೆ ಕನ್ನಡಿಗನ ಕುತೂಹಲವಾದೀತೆ? ಅಂಥ ಒರೆಗಲ್ಲಿನಲ್ಲಿ ಉತ್ತಮವೆನಿಸಿದ ಯಂತ್ರ ಅಂಟಿಕೆ ಪಂಟಿಕೆಯನ್ನು ಕಾಣದೆ ಹೋದರೂ ಅದರ ಅಂಕ ಕಡಿಮೆಯಾಗದು.

ಆದ್ದರಿಂದ ಈ ಮೂರು ತಾಲ್ಲೂಕುಗಳ ಸಾಮಗ್ರಿಯಿಂದ ಚಿಕ್ಕದಾದರೂ ಸ್ವಂತದ್ದಾದ ಒಂದು ಸಂಗ್ರಹ ಸಿದ್ಧವಾಗಬೇಕೆಂಬುದು ನನ್ನ ಅಭಿಪ್ರಾಯ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಹಾಡುಗಳ ಸಂಕಲನಗಳು ಯೂನಿಕೋಡ್‌ಗೆ ಬರಬೇಕು. ಸಾಮಗ್ರಿಯ ಪ್ರಮಾಣ ಚಿಕ್ಕದಾಗಿರುವುದೇ ಇಲ್ಲಿ ಅನುಕೂಲ. ಕ್ರಾನ್‌ಫೀಲ್ಡಿನವರಂತೆ ಪ್ರತಿಯೊಂದು ಬರೆಹವನ್ನೂ ಓದಿಯೇ ತೀರ್ಪು ನೀಡಬಹುದು. ಪ್ರಶ್ನೆಗಳನ್ನು ಸಂಶೋಧಕರು ಕುಳಿತು ಕಲ್ಪಿಸಬಾರದು. ಶಾಲೆಯ ಮೇಷ್ಟರು, ಹಾಡಿನ ಮೇಳದ ಹುಡುಗರು, ಊರು ಬಿಟ್ಟು ಬೆಂಗಳೂರು ಸೇರಿದವರು ನಿಜವಾಗಿ ಕೇಳುವುದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು.

ತೀರ್ಪಿನ ವಿಷಯ ಇನ್ನೂ ಸೂಕ್ಷ್ಮ. ಭೂಮಿ ಹುಣ್ಣಿಮೆಯ ಬುಟ್ಟಿಗೆ ಬರೆಯುವ ಚಿತ್ತಾರದ ಬಗೆಗಿನ ಪ್ರಶ್ನೆಗೆ ಯಾವ ಬರೆಹ ಪ್ರಸ್ತುತ ಎಂದು ಹೇಳಬಲ್ಲವರು ಅದನ್ನು ಬರೆಯುವ ದೀವರ ಹೆಂಗಸರು. ಅವರಲ್ಲಿ ಓದು ಬಾರದ ಹಿರಿಯರಿದ್ದರೆ ಬರೆಹಗಳನ್ನು ಗಟ್ಟಿಯಾಗಿ ಓದಿಹೇಳಿ, ಅವರ ಒಪ್ಪಿಗೆ ನಿರಾಕರಣೆಗಳನ್ನು ಕಾರಣಸಹಿತ ದಾಖಲಿಸಬೇಕಾಗುತ್ತದೆ. ಗದ್ದೆಯ ಕೆಲಸ ಬಿಡುವಾದ ತಿಂಗಳುಗಳಲ್ಲಿ ಮಾತ್ರ ಇದು ಸಾಧ್ಯ.