ಸಂಬಳ ಒಬ್ಬರದು, ಅಂಕುಶ ಇನ್ನೊಬ್ಬರದು

ದೆಹಲಿಯ ಆಗ್ನೇಯ ಅಂಚಿನ ಓಖ್ಲಾದಲ್ಲಿ ಯಮುನೆಯ ನೀರು ಆಗ್ರಾ ಕಾಲುವೆಗೆ ಹೊರಳುತ್ತದೆ. 1874ರಲ್ಲಿ ಬ್ರಿಟಿಷರು ತೆರೆದ ಈ ಕಾಲುವೆಯನ್ನು ಇವತ್ತಿಗೂ ನೋಡಿಕೊಳ್ಳುವುದು ಉತ್ತರ ಪ್ರದೇಶದ ನೀರಾವರಿ ಇಲಾಖೆ. ನೆಲ ದೆಹಲಿಯದು, ನೌಕರ ಲಖನೌ ಸರ್ಕಾರದವನು. ಅವನ ಸಂಬಳ, ಬಡ್ತಿ, ವರ್ಗಾವಣೆ ಎಲ್ಲವೂ ಅಲ್ಲಿಂದಲೇ. ಕೆಲಸದ ಜಾಗ ಎಷ್ಟೇ ದೂರವಿದ್ದರೂ ತನ್ನ ಯಜಮಾನ ಯಾರು ಎಂಬ ಬಗ್ಗೆ ಅವನಿಗೆ ಗೊಂದಲವಿಲ್ಲ.

ಅದೇ ಓಖ್ಲಾದ ಸರ್ಕಾರಿ ಶಾಲೆಯ ಶಿಕ್ಷಕಿಯ ಸ್ಥಿತಿ ಬೇರೆ. ಆಕೆಯ ಸಂಬಳಕ್ಕೆ ಹಣ ಮಂಜೂರು ಮಾಡುವುದು ದೆಹಲಿ ವಿಧಾನಸಭೆ. ವೇತನ ಶ್ರೇಣಿ ಬರುವುದು ಕೇಂದ್ರದ ವೇತನ ಆಯೋಗದ ಶಿಫಾರಸಿನಿಂದ. ದೆಹಲಿ ಸರ್ಕಾರದ ನೌಕರರ ಪಿಂಚಣಿಯ ಹೊರೆ ಹೊರುವುದು ಕೇಂದ್ರ ಸರ್ಕಾರ. ಹಾಗಾದರೆ ಆಕೆಯ ವರ್ಗಾವಣೆಯಲ್ಲಿ ಕೊನೆಯ ಮಾತು ಯಾರದು? ಈ ಪ್ರಶ್ನೆಗೆ ಎಂಟು ವರ್ಷ ನ್ಯಾಯಾಲಯಗಳಲ್ಲಿ ಉತ್ತರ ಹುಡುಕಲಾಯಿತು. ಸಿಕ್ಕ ಉತ್ತರ ಎಂಟೇ ದಿನದಲ್ಲಿ ಬದಲಾಯಿತು.

ಇದರ ಬೇರು ಹಳೆಯದು. 1952ರಲ್ಲಿ ದೆಹಲಿಗೆ ವಿಧಾನಸಭೆ ಸಿಕ್ಕಿತ್ತು, 1956ರಲ್ಲಿ ಅದು ಹೋಯಿತು. 1991ರಲ್ಲಿ ಸಂವಿಧಾನದ 69ನೇ ತಿದ್ದುಪಡಿ 239ಎಎ ವಿಧಿಯನ್ನು ಸೇರಿಸಿ ವಿಧಾನಸಭೆಯನ್ನು ಮರಳಿ ಕೊಟ್ಟಿತು. 1993ರಲ್ಲಿ ಚುನಾವಣೆ ನಡೆಯಿತು. ರಾಜ್ಯಪಟ್ಟಿಯಲ್ಲಿ ಸಾರ್ವಜನಿಕ ಸುವ್ಯವಸ್ಥೆ, ಪೊಲೀಸ್, ಭೂಮಿ ಈ ಮೂರನ್ನು ಕೇಂದ್ರ ತನ್ನ ಬಳಿ ಇಟ್ಟುಕೊಂಡಿತು. ಉಳಿದವು ದೆಹಲಿಗೆ, ಆದರೆ ‘ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯವಾಗುವಷ್ಟರ ಮಟ್ಟಿಗೆ’ ಎಂಬ ಷರತ್ತಿನೊಂದಿಗೆ.

ಜಗಳ ಹುಟ್ಟಿದ್ದು ಆ ಷರತ್ತಿನಲ್ಲೇ. ರಾಜ್ಯಪಟ್ಟಿಯ 41ನೇ ನಮೂದು ‘ರಾಜ್ಯ ಸಾರ್ವಜನಿಕ ಸೇವೆಗಳು’. ದೆಹಲಿಗೆ ತನ್ನದೇ ಲೋಕಸೇವಾ ಆಯೋಗವಿಲ್ಲ. ಅಲ್ಲಿನ ಐಎಎಸ್ ಅಧಿಕಾರಿಗಳು ಅರುಣಾಚಲ, ಗೋವಾ, ಮಿಜೋರಾಂ ಮತ್ತು ಕೇಂದ್ರಾಡಳಿತ ಪ್ರದೇಶಗಳ ಜಂಟಿ ಕೇಡರಿನವರು. ಅವರ ಕೆಳಗಿನ ಡ್ಯಾನಿಕ್ಸ್ ಸೇವೆಯೂ ಅಂಡಮಾನ್ ಮೊದಲಾದ ಪ್ರದೇಶಗಳ ಜೊತೆ ಹಂಚಿಕೊಂಡದ್ದು. ಹಾಗಾಗಿ ದೆಹಲಿಗೆ ‘ರಾಜ್ಯ ಸೇವೆ’ಯೇ ಇಲ್ಲ, ಇಲ್ಲದ್ದರ ಮೇಲೆ ಅಧಿಕಾರ ಎಲ್ಲಿಯದು ಎಂಬುದು ಕೇಂದ್ರದ ವಾದ. 2015ರ ಮೇ 21ರ ಗೃಹ ಸಚಿವಾಲಯದ ಅಧಿಸೂಚನೆ ‘ಸೇವೆಗಳನ್ನು’ ಉಪರಾಜ್ಯಪಾಲರ ಕೈಗಿಟ್ಟಿತು. 2016ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

2018ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಉಪರಾಜ್ಯಪಾಲರು ಸಾಮಾನ್ಯವಾಗಿ ಸಚಿವ ಸಂಪುಟದ ಸಲಹೆಗೆ ಬದ್ಧರು ಎಂದಿತು. ಆದರೆ ನೌಕರರ ಪ್ರಶ್ನೆ ಬಗೆಹರಿಯಲಿಲ್ಲ. 2019ರ ಫೆಬ್ರುವರಿ 14ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠದಲ್ಲಿ ಭಿನ್ನಮತ ಬಂತು. ದೆಹಲಿಗೆ ಈ ಅಧಿಕಾರವೇ ಇಲ್ಲವೆಂದರು ಅಶೋಕ್ ಭೂಷಣ್. ಹಿರಿಯ ಅಧಿಕಾರಿಗಳು ಉಪರಾಜ್ಯಪಾಲರಿಗೆ, ಉಳಿದವರಲ್ಲಿ ದೆಹಲಿ ಸರ್ಕಾರಕ್ಕೂ ಮಾತಿರಲಿ ಎಂಬ ಮಧ್ಯದ ದಾರಿ ಎ.ಕೆ. ಸಿಕ್ರಿ ಅವರದು.

2023ರ ಮೇ 11ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಐವರ ಪೀಠ ಒಮ್ಮತದ ತೀರ್ಪು ಕೊಟ್ಟಿತು. ಆ ಮೂರು ವಿಷಯಗಳನ್ನು ಬಿಟ್ಟು ಉಳಿದೆಡೆ ಸೇವೆಗಳ ಮೇಲಿನ ಅಧಿಕಾರ ದೆಹಲಿಯದು. ಪೀಠದ ತರ್ಕ ಸರಳ: ಅಧಿಕಾರಿ ಸಚಿವರಿಗೆ ಉತ್ತರಿಸಬೇಕು, ಸಚಿವರು ಶಾಸನಸಭೆಗೆ, ಶಾಸನಸಭೆ ಮತದಾರರಿಗೆ. ಮೊದಲ ಕೊಂಡಿ ಕಳಚಿದರೆ ಮತದಾರ ಯಾರನ್ನು ಪ್ರಶ್ನಿಸಬೇಕು?

ಮೇ 19ರಂದು ಸುಗ್ರೀವಾಜ್ಞೆ ಬಂತು. ಆಗಸ್ಟ್‌ನಲ್ಲಿ ಸಂಸತ್ತು ಅದನ್ನು ಕಾಯ್ದೆ ಮಾಡಿತು. ರಾಜ್ಯಸಭೆಯಲ್ಲಿ ಪರ 131, ವಿರುದ್ಧ 102 ಮತ ಬಿದ್ದವು. ಕಾಯ್ದೆಯಿಂದ ಹುಟ್ಟಿದ ರಾಷ್ಟ್ರ ರಾಜಧಾನಿ ನಾಗರಿಕ ಸೇವಾ ಪ್ರಾಧಿಕಾರದಲ್ಲಿ ಮೂವರು: ಅಧ್ಯಕ್ಷತೆ ಮುಖ್ಯಮಂತ್ರಿಯದು, ಸದಸ್ಯರು ಮುಖ್ಯ ಕಾರ್ಯದರ್ಶಿ ಮತ್ತು ಗೃಹ ಇಲಾಖೆಯ ಪ್ರಧಾನ ಕಾರ್ಯದರ್ಶಿ. ತೀರ್ಮಾನ ಬಹುಮತದ್ದು. ಅಂದರೆ ಇಬ್ಬರು ಅಧಿಕಾರಿಗಳು ಸೇರಿದರೆ ಚುನಾಯಿತ ಅಧ್ಯಕ್ಷರ ಮತ ಸೋಲುತ್ತದೆ. ಅದನ್ನೂ ದಾಟಿದರೆ ಕೊನೆಯ ಮಾತು ಉಪರಾಜ್ಯಪಾಲರದು. ಸುಗ್ರೀವಾಜ್ಞೆಯನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರ ಜುಲೈ 20ರಂದು ಮತ್ತೆ ಐವರ ಪೀಠಕ್ಕೇ ಒಪ್ಪಿಸಿತು.

ಕೇಂದ್ರದ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ರಾಜಧಾನಿ ಇಡೀ ದೇಶದ್ದು. ರಾಯಭಾರ ಕಚೇರಿಗಳು, ಸಂಸತ್ತು, ಸುಪ್ರೀಂ ಕೋರ್ಟ್ ಇರುವ ಊರಿನ ಆಡಳಿತ ಒಂದು ಪಕ್ಷದ ಮರ್ಜಿಗೆ ಸಿಕ್ಕಬಾರದು ಎಂಬ ಆತಂಕ ಸಹಜ. ಆದರೆ ರಾಯಭಾರ ಕಚೇರಿಯ ಭದ್ರತೆಗೂ ಓಖ್ಲಾದ ಗಣಿತ ಶಿಕ್ಷಕಿಯ ವರ್ಗಾವಣೆಗೂ ಎತ್ತಣ ಸಂಬಂಧ?

2024ರ ಜುಲೈ ಆರಂಭದಲ್ಲಿ ಅದು ಕಣ್ಣಿಗೇ ಕಂಡಿತು. ಒಂದೇ ಶಾಲೆಯಲ್ಲಿ ಹತ್ತು ವರ್ಷ ದಾಟಿದವರೆಂಬ ಕಾರಣಕ್ಕೆ ಐದು ಸಾವಿರ ಶಿಕ್ಷಕರ ವರ್ಗಾವಣೆಗೆ ಶಿಕ್ಷಣ ನಿರ್ದೇಶನಾಲಯ ಆದೇಶ ಹೊರಡಿಸಿತು. ಬೇಡವೆಂದು ಶಿಕ್ಷಣ ಸಚಿವೆ ಆತಿಶಿ ಲಿಖಿತವಾಗಿ ಸೂಚಿಸಿದ್ದರೂ ಆದೇಶ ಹೊರಬಿದ್ದಿತ್ತು. ಅದಕ್ಕೆ ತಡೆ ಬಿದ್ದದ್ದು ಉಪರಾಜ್ಯಪಾಲ ವಿ.ಕೆ. ಸಕ್ಸೇನಾ ಹೇಳಿದ ಮೇಲೆ. ಶಿಕ್ಷಕರು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದರು.

ಬೆಂಗಳೂರಿನ ಲೆಕ್ಕ ಇದರ ಪಕ್ಕ ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಕೆ. ಸುಧಾಕರ ರಾವ್ ನೇತೃತ್ವದ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸುಗಳನ್ನು ಕರ್ನಾಟಕದ ಸಂಪುಟ 2024ರ ಜುಲೈನಲ್ಲಿ ಒಪ್ಪಿತು. ಆಗಸ್ಟ್ 1ರಿಂದ ಜಾರಿ, ಬೊಕ್ಕಸಕ್ಕೆ ವರ್ಷಕ್ಕೆ 20,208 ಕೋಟಿ ರೂಪಾಯಿಯ ಹೆಚ್ಚುವರಿ ಹೊರೆ. ಅದು ಸರಿಯೋ ಅತಿಯೋ ಎಂದು ಯಾರೂ ಜಗಳ ಆಡಬಹುದು. ಆದರೆ ಆ ಜಗಳಕ್ಕೆ ಒಂದು ವಿಳಾಸವಿದೆ. ಹಣ ಕೊಟ್ಟವರು, ನಿಯಮ ಬರೆದವರು, ಮುಂದಿನ ಚುನಾವಣೆಯಲ್ಲಿ ಉತ್ತರಿಸಬೇಕಾದವರು ಒಬ್ಬರೇ.

2025ರ ಫೆಬ್ರುವರಿಯಲ್ಲಿ ದೆಹಲಿಯ ಸರ್ಕಾರ ಬದಲಾಯಿತು. ಕೇಂದ್ರದಲ್ಲೂ ರಾಜಧಾನಿಯಲ್ಲೂ ಈಗ ಒಂದೇ ಪಕ್ಷ. ಜಗಳದ ಸದ್ದು ಅಡಗಿದ್ದು ಅದಕ್ಕಾಗಿಯೇ, ನಿಯಮ ಬದಲಾದ್ದಕ್ಕಲ್ಲ. ಎರಡು ಕುರ್ಚಿಗಳಲ್ಲಿ ಬೇರೆ ಬೇರೆ ಪಕ್ಷದವರು ಮತ್ತೆ ಕೂತ ದಿನ, ಓಖ್ಲಾದ ಶಿಕ್ಷಕಿ ತನ್ನ ಅರ್ಜಿ ಹಿಡಿದು ಯಾವ ಬಾಗಿಲು ತಟ್ಟಬೇಕೆಂದು ಮತ್ತೆ ಯೋಚಿಸಬೇಕಾಗುತ್ತದೆ.