ಬಳೆಚೂರಿನ ಡಬ್ಬಿ

ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಬಳೆ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಚೌಳುಮಣ್ಣಿನ ಕ್ಷಾರಕ್ಕೆ ಬೆಣಚುಕಲ್ಲಿನ ಪುಡಿ ಬೆರೆಸಿ ಕರಗಿಸಿದ, ಬೆಳಕು ಹಾಯದ ಒರಟು ಗಾಜು ಅದು. ನನ್ನ ತವರು ಆ ಸೀಮೆಯದೇ. ನಾನು ಹುಟ್ಟುವ ಹೊತ್ತಿಗೆ ಆ ಕುಲುಮೆಗಳು ಆರಿಹೋಗಿದ್ದವು. ಬಳೆಗಾರರ ಮಲಾರದಲ್ಲಿ ತೂಗುತ್ತಿದ್ದುದು ಉತ್ತರ ಪ್ರದೇಶದ ಫಿರೋಜಾಬಾದಿನ ಬಳೆ.

ಗೌರಿ ಹಬ್ಬಕ್ಕೆ ಕೈತುಂಬ ತೊಡಿಸಿದ ಬಳೆ ಕುಂಟೆಬಿಲ್ಲೆಯಲ್ಲಿ ಎಡವಿ ಬಿದ್ದರೆ ಮುಗಿಯಿತು. ಅವ್ವ ಮೊದಲು ಮಣಿಕಟ್ಟು ನೋಡಿ, ಗೀರಿದ್ದಲ್ಲಿ ಅರಿಸಿನ ಒತ್ತುತ್ತಿದ್ದಳು. ಆಮೇಲೆ, "ಅಳಬ್ಯಾಡ ಸುಮ್ಕಿರು, ಚೂರೆಲ್ಲ ಆರಿಸ್ಕಂಡು ಡಬ್ಬಿಗಾಕು" ಅನ್ನುವಳು. ಅಷ್ಟಕ್ಕೇ ಅಳು ನಿಲ್ಲುತ್ತಿತ್ತು. ಡಬ್ಬಿ ತುಂಬಿದವಳಿಗೆ ಓಣಿಯಲ್ಲಿ ಮರ್ಯಾದೆ ಇತ್ತು.

ಆ ಚೂರುಗಳ ಆಟ ಹೀಗೆ. ಜಗಲಿ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು, ಎಲ್ಲರೂ ಸಮನಾಗಿ ಚೂರು ಹಾಕಬೇಕು. ಒಬ್ಬಳು ಅಷ್ಟನ್ನೂ ಬಾಚಿ ಮೇಲಿಂದ ಚೆಲ್ಲುತ್ತಾಳೆ. ಒಂದರ ಮೇಲೊಂದು ಬಿದ್ದ ಚೂರುಗಳಲ್ಲಿ ಒಂದನ್ನು, ಪಕ್ಕದ್ದು ಅಲುಗದಂತೆ, ಬೆರಳ ತುದಿಯಿಂದ ಗೆರೆಯಾಚೆ ಎಳೆದರೆ ಅದು ಅವಳದು. ಅಲುಗಿದರೆ ಸರದಿ ಹೋಯಿತು. ಉದ್ದನೆಯ ಕಮಾನಿನಂಥ ಚೂರು ಎಳೆಯುವುದು ಕಷ್ಟ, ಅದಕ್ಕೇ ಅದರ ಬೆಲೆ ಹೆಚ್ಚು. ಮೂರು ಮನೆ ಆಚೆಗೆ ಹೋದರೆ ನಿಯಮವೇ ಬೇರೆ. ಅಲ್ಲಿ ಮುಷ್ಟಿಯೊಳಗಿನ ಚೂರು ಸರಿಯೋ ಬೆಸವೋ ಹೇಳಬೇಕಿತ್ತು.

ಆಡಿ ಬೇಸರವಾದಾಗ ಸರ ಮಾಡುತ್ತಿದ್ದೆವು. ಇದು ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ. ಚೂರಿನ ಎರಡು ತುದಿ ಹಿಡಿದು ನಡುಭಾಗವನ್ನು ದೀಪದ ಉರಿಗೆ ಕಾಯಿಸಿದರೆ ಗಾಜು ನಿಧಾನಕ್ಕೆ ಮೆತ್ತಗಾಗುತ್ತದೆ. ಆಗ ಬಗ್ಗಿಸಿ ತುದಿ ಕೂಡಿಸಿ, ಇನ್ನೊಂದು ಚೂರನ್ನು ಅದರೊಳಗೆ ತೂರಿಸಿ ಮತ್ತೆ ಬಗ್ಗಿಸುವುದು. ಕೆಂಪು, ಹಸಿರು, ಕೆಂಪು ಎಂದು ಪೋಣಿಸಿದ ಸರ ಬಾಗಿಲ ತೋರಣವಾಗುತ್ತಿತ್ತು. ಫಿರೋಜಾಬಾದಿನಲ್ಲೂ ಬಳೆಯ ತೆರೆದ ಬಾಯಿಯನ್ನು ಮನೆಮನೆಗಳಲ್ಲಿ ಹೆಂಗಸರು ಉರಿಗೆ ಹಿಡಿದೇ ಬೆಸೆಯುತ್ತಾರೆಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ನಮಗೆ ಆಟವಾಗಿದ್ದುದು ಅವರಿಗೆ ಕಣ್ಣು ಉರಿಸುವ ದುಡಿಮೆ. ತೋರಣದ ನೆನಪಾದಾಗೆಲ್ಲ ಆ ಕೈಗಳೂ ನೆನಪಾಗುತ್ತವೆ.

ಶಾಲೆಯ ಮೇಷ್ಟ್ರು ಮೂರು ಕನ್ನಡಿಪಟ್ಟಿ ಕಟ್ಟಿಸಿ, ನಡುವೆ ಇವೇ ಚೂರು ಹಾಕಿಸಿ ಕೆಲಿಡೊಸ್ಕೋಪ್ ಮಾಡಿಸಿದ್ದರು. 1817ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಪೇಟೆಂಟ್ ಪಡೆದ ಸಾಧನ ನಮ್ಮೂರಿಗೆ ಬಂದದ್ದು ಒಡೆದ ಬಳೆಯ ಜೊತೆಗೇ.

ಗಾಜಿನ ಬಳೆ ಮತ್ತೋಡಿನದಷ್ಟೇ ಅಲ್ಲ; ರಾಯಚೂರು ಸೀಮೆಯ ಮಸ್ಕಿಯ ಉತ್ಖನನದಲ್ಲೂ ಅವು ಸಿಕ್ಕಿವೆ. ಎಂ. ಜಿ. ದೀಕ್ಷಿತರು 1969ರಲ್ಲಿ ಭಾರತದ ಗಾಜಿನ ಚರಿತ್ರೆಯನ್ನೇ ಬರೆದರು. ಗಾಜು ಮಾಡಿದವರ, ಮಾರಿದವರ ಚರಿತ್ರೆಗೆ ಹೀಗೆ ದಾಖಲೆಯಿದೆ. ಒಡೆದ ಮೇಲೆ ಅದನ್ನು ಬಾಳಿಸಿದ ಹುಡುಗಿಯರ ಆಟಕ್ಕೂ ಅಷ್ಟೇ ಗೌರವ ಸಲ್ಲಬೇಕು. ಈಗ ಮಕ್ಕಳ ಕೈಯಲ್ಲಿ ಹೆಚ್ಚಾಗಿ ಪ್ಲಾಸ್ಟಿಕ್, ಲೋಹದ ಬಳೆ. ಅವು ಇಂಥ ಚೂರು ಕೊಡವು. ನಿಮ್ಮ ಮನೆಯ ಅಜ್ಜಿ, ಅತ್ತೆಯರನ್ನು ಕೂರಿಸಿಕೊಂಡು ನಿಮ್ಮೂರಿನ ಬಳೆಚೂರಿನಾಟದ ನಿಯಮಗಳನ್ನು ಈಗಲೇ ಬರೆದಿಟ್ಟುಕೊಳ್ಳಿ.